ನಮ್ಮ ಹುಡುಗಿಯರ ಕೊರಿಯನ್ ‘ಹುಚ್ಚು’

ಹದಿಮೂರು ಹದಿನಾಲ್ಕು ವಯಸ್ಸಿನ ಹೆಣ್ಣುಮಕ್ಕಳ ಶಾಲಾ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ನೋಡಿ. ಅಲ್ಲಿ ಕನ್ನಡವಿಲ್ಲ, ತಮಿಳಿಲ್ಲ, ತೆಲುಗೂ ಇಲ್ಲ. ಗೆರೆ, ಚೌಕ, ಸೊನ್ನೆಗಳನ್ನು ಜೋಡಿಸಿಟ್ಟಂಥ ಒಂದು ಬರಹ ಕಾಣುತ್ತದೆ. ಅದು ಕೊರಿಯಾ ದೇಶದ ಲಿಪಿ. ಏಳು ಹುಡುಗರ ಬಿಟಿಎಸ್ ತಂಡ, ನಾಲ್ವರು ಹುಡುಗಿಯರ ಬ್ಲ್ಯಾಕ್‌ಪಿಂಕ್ ತಂಡ, ಇವರ ಹಾಡುಗಳನ್ನು ಕೇಳುತ್ತ ಕೇಳುತ್ತ ಮಕ್ಕಳು ಅದನ್ನು ತಾವೇ ಕಲಿತಿದ್ದಾರೆ. ಯಾರೂ ಪಾಠ ಹೇಳಲಿಲ್ಲ, ಯಾರೂ ಫೀಸು ಕಟ್ಟಲಿಲ್ಲ. ಮನೆಯ ದೊಡ್ಡವರ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: “ಕನ್ನಡ ಓದೋಕೆ ಬರಲ್ಲ, ಇವಳಿಗೆ ಕೊರಿಯನ್ ಬೇಕಂತೆ!”

ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಹೊಸೂರು, ತಳಿ ಕಡೆಯ ನಮ್ಮ ಕುಟುಂಬಗಳಿಗೆ ಅದರ ಹಿಂದಿನ ನೋವು ಗೊತ್ತು. ಶಾಲೆಯಲ್ಲಿ ತಮಿಳು ಇಲ್ಲವೇ ಇಂಗ್ಲಿಷ್, ಅಂಗಡಿ ಬೀದಿಯಲ್ಲಿ ತೆಲುಗೂ ಬೇಕು. ಕನ್ನಡಕ್ಕೆ ಉಳಿದಿರುವುದು ಮನೆಯ ಜಗಲಿ ಮತ್ತು ಭಾನುವಾರದ ಕನ್ನಡ ಬಲಿಪೂಜೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಹುಡುಗಿಯರು ಮೆಚ್ಚಿದ್ದು ಎಂದ ಕೂಡಲೇ ದೊಡ್ಡವರಿಗೆ ನಗು ಬರುವುದೇಕೆ?

ಹುಡುಗನೊಬ್ಬ ಐಪಿಎಲ್ ತಂಡದ ಜೆರ್ಸಿ ಕೊಳ್ಳಲು ಹಣ ಕೇಳಿದರೆ ಅಪ್ಪ ಗೊಣಗಿ ಕೊಡುತ್ತಾರೆ, ರಾತ್ರಿ ಜೊತೆಗೆ ಕುಳಿತು ಮ್ಯಾಚೂ ನೋಡುತ್ತಾರೆ. ಗಂಡಸರು ಸಿನಿಮಾ ನಟನ ಕಟೌಟಿಗೆ ಹಾಲು ಸುರಿದರೆ ಅದು ಊರಿನ ಸುದ್ದಿ, ಒಂದಿಷ್ಟು ತಮಾಷೆ, ಅಷ್ಟೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣಕ್ಕೆ ಜನಸಾಗರವೇ ಹರಿಯಿತು. ಅವರ ಕಣ್ಣುಗಳನ್ನು ದಾನ ಮಾಡಿದ್ದನ್ನು ಕಂಡು ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಅದಕ್ಕೆ ಅಭಿಮಾನ ಎಂಬ ಗೌರವದ ಹೆಸರಿತ್ತು, ಇರಬೇಕಾದದ್ದೇ. 2020ರ ಜೂನ್ ತಿಂಗಳಲ್ಲಿ, ಅಮೆರಿಕದಲ್ಲಿ ಕರಿಯರ ಮೇಲಿನ ಅನ್ಯಾಯದ ವಿರುದ್ಧ ನಡೆದ ಚಳವಳಿಗೆ ಬಿಟಿಎಸ್ ತಂಡ 10 ಲಕ್ಷ ಡಾಲರ್ ಕೊಟ್ಟ ಸುದ್ದಿ ಬಂತು. ಅಭಿಮಾನಿಗಳು ಸುಮಾರು ಒಂದೇ ದಿನದಲ್ಲಿ ಮತ್ತೆ ಅಷ್ಟೇ ಹಣ ಕೂಡಿಸಿದರು. ಆ ಅಭಿಮಾನಿಗಳಲ್ಲಿ ಬಹುಪಾಲು ಹರೆಯದ ಹುಡುಗಿಯರು, ಹೆಂಗಸರು. ಇವರದ್ದು ಮಾತ್ರ ‘ಹುಚ್ಚು’. ಒಂದೇ ಬಗೆಯ ಪ್ರೀತಿಗೆ ಎರಡು ಹೆಸರಿಡುವುದು ನ್ಯಾಯವೆ?

ಇದು ಹಳೆಯ ರೋಗ. 1964ರಲ್ಲಿ ಇಂಗ್ಲೆಂಡಿನ ಪಾಲ್ ಜಾನ್ಸನ್ ಎಂಬ ಪತ್ರಕರ್ತರು ಬೀಟಲ್ಸ್ ಹಾಡುಗಾರರನ್ನೂ ಅವರ ಮುಂದೆ ಕಿರುಚುವ ಹುಡುಗಿಯರನ್ನೂ ಕುರಿತು ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಈ ಮಕ್ಕಳು ಮಂದಬುದ್ಧಿಯವರು, ಸೋಮಾರಿಗಳು, ತಮ್ಮ ಪೀಳಿಗೆಯಲ್ಲೇ ಸೋತವರು ಎಂಬುದು ಅದರ ಸಾರ. (ಜಾನ್ಸನ್ ಕಥೋಲಿಕರು, ಧರ್ಮಸಭೆಯ ಇತಿಹಾಸವನ್ನೂ ಬರೆದವರು, ಓದಿದವರಿಗೆ ಈ ಕುರುಡು ಬರುವುದಿಲ್ಲವೆಂದು ತಿಳಿಯಬೇಡಿ.) ಇಂದು ಬೀಟಲ್ಸ್ ಸಂಗೀತ ವಿಶ್ವವಿದ್ಯಾಲಯಗಳಲ್ಲಿ ಪಾಠ. ಅದರ ಬೆಲೆಯನ್ನು ಪ್ರಾಧ್ಯಾಪಕರಿಗಿಂತ ಮೊದಲೇ ಕಂಡುಕೊಂಡವರಲ್ಲಿ ಆ ಹುಡುಗಿಯರೂ ಇದ್ದರು.

ನಮ್ಮ ಮಕ್ಕಳ ನೋಟ್‌ಬುಕ್ಕಿನ ಆ ಲಿಪಿಗೂ ಇದೇ ಗತಿಯಾಗಿತ್ತು. 15ನೇ ಶತಮಾನದಲ್ಲಿ ಸೆಜೋಂಗ್ ಎಂಬ ಅರಸ, ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನರಿಗಾಗಿ ಅದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ. ಪಂಡಿತರು ಮೂಗು ಮುರಿದರು. ಅದನ್ನು ಹೆಂಗಸರ ಬರಹವೆಂದು ಹೀಗಳೆದರು. ಹೆಂಗಸರು ಮಾತ್ರ ಅದರಲ್ಲೇ ಪತ್ರ ಬರೆದರು, ಕಥೆ ಓದಿದರು, ಶತಮಾನಗಳ ಕಾಲ ಅದನ್ನು ಬಳಕೆಯಲ್ಲಿ ಇಟ್ಟುಕೊಂಡರು. ಇಂದು ಅದು ಒಂದು ದೇಶದ ಹೆಮ್ಮೆ. ಕೊರಿಯಾಕ್ಕೆ ನಮ್ಮ ವಿಶ್ವಾಸ ಬಂದಾಗ ಮನೆಮನೆಯ ದಾರಿ ತೋರಿದ್ದೂ ಇದೇ ಬರಹ. ಜೋಂಗ್ ಯಾಕ್‌ಜೋಂಗ್ ಎಂಬ ಗೃಹಸ್ಥರು ಧರ್ಮೋಪದೇಶದ ಪುಸ್ತಕವನ್ನು ಈ ಲಿಪಿಯಲ್ಲಿ ಬರೆದದ್ದರಿಂದ ಹೆಂಗಸರೂ ಬಡವರೂ ಅದನ್ನು ಓದಬಹುದಾಯಿತು. ಕೊಲುಂಬಾ ಕಾಂಗ್ ವಾನ್‌ಸುಕ್ ಎಂಬ ತಾಯಿ ಹೆಂಗಸರಿಗೆ ಧರ್ಮೋಪದೇಶ ಮಾಡಿದರು, ಗುರುಗಳನ್ನು ತಮ್ಮ ಮನೆಯಲ್ಲಿ ಅಡಗಿಸಿಟ್ಟು ಕಾಪಾಡಿದರು. ಇಬ್ಬರೂ 1801ರಲ್ಲಿ ರಕ್ತಸಾಕ್ಷಿಗಳಾದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಸೋಲ್ ನಗರದಲ್ಲಿ ಪುನೀತ ಪದವಿಗೇರಿಸಿದ 124 ಜನರಲ್ಲಿ ಇವರೂ ಸೇರಿದ್ದಾರೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಹೇಳಿ ನೋಡಿ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿ ತಲೆ ಎತ್ತುತ್ತಾಳೆ.

ಗಂಭೀರವಾಗಿ ತೆಗೆದುಕೊಳ್ಳುವುದೆಂದರೆ ಎಲ್ಲಕ್ಕೂ ಸೈ ಎನ್ನುವುದಲ್ಲ. ಗಂಭೀರವಾದ ವಿಷಯವನ್ನೇ ನಾವು ಪರೀಕ್ಷಿಸುವುದು. ಹಗುರವಾದದ್ದನ್ನು ನಕ್ಕು ಬಿಟ್ಟುಬಿಡುತ್ತೇವೆ. ಈ ಹಾಡುಗಳ ಹಿಂದೆ ದೊಡ್ಡ ವ್ಯಾಪಾರವಿದೆ. ಸಿಡಿಯೊಳಗೆ ಯಾರ ಚಿತ್ರದ ಕಾರ್ಡು ಬರುವುದೋ ತಿಳಿಯದ ಹಾಗೆ ಮಾಡಿ, ಒಂದೇ ಸಿಡಿಯನ್ನು ನಾಲ್ಕು ಸಲ ಕೊಳ್ಳಿಸುವ ಜಾಣತನವಿದೆ. ಆ ಹಾಡುಗಾರರೂ ಎಷ್ಟೋ ಜನ ಎಳೆಯ ವಯಸ್ಸಿನಲ್ಲೇ ಕಂಪನಿಗಳ ಕೈಗೆ ಸೇರಿದವರು. ಒಪ್ಪಂದಗಳು ಎಷ್ಟು ದೀರ್ಘವಾಗಿದ್ದವೆಂದರೆ, 2009ರಲ್ಲಿ ಕೊರಿಯಾದ ಸರ್ಕಾರಿ ಆಯೋಗವೊಂದು ಏಳು ವರ್ಷ ಸಾಕು ಎಂದು ಮಾದರಿ ಒಪ್ಪಂದ ತರಬೇಕಾಯಿತು. ಬಿಳಿ ಚರ್ಮ, ಸಣಕಲು ಮೈ ಇವೇ ಅಂದ ಎಂಬ ಪಾಠವೂ ಹಾಡಿನ ಜೊತೆ ಬರುತ್ತದೆ. ಅದನ್ನು ನೋಡಿದ ನಮ್ಮ ಕಪ್ಪು ಬಣ್ಣದ ಹುಡುಗಿ ಕನ್ನಡಿಯ ಮುಂದೆ ಏನೆಂದುಕೊಳ್ಳುತ್ತಾಳೆ? ಇದೆಲ್ಲವನ್ನೂ ಅವಳೊಡನೆ ಮಾತಾಡಲೇಬೇಕು. ಆದರೆ ತಾನು ಪ್ರೀತಿಸುವುದನ್ನು ಕಂಡು ನಗುವವರ ಎಚ್ಚರಿಕೆಯನ್ನು ಯಾವ ಮಗು ಕೇಳೀತು?

2024ರ ಜನವರಿಯಲ್ಲಿ ನಮ್ಮದೇ ರಾಜ್ಯದ ಕರೂರು ಜಿಲ್ಲೆಯ ಮೂವರು ಹುಡುಗಿಯರು, ಹದಿಮೂರು ವರ್ಷದವರು, ಮನೆಬಿಟ್ಟು ಹೊರಟರು. ಕೈಯಲ್ಲಿ ಸುಮಾರು 14,000 ರೂಪಾಯಿ. ವಿಶಾಖಪಟ್ಟಣಕ್ಕೆ ಹೋಗಿ ಹಡಗು ಹತ್ತಿ ಬಿಟಿಎಸ್‌ನವರನ್ನು ನೋಡಲು ಕೊರಿಯಾ ಸೇರುವುದು ಅವರ ಯೋಜನೆ. ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಸಿಕ್ಕರು. ದೇವರ ದಯೆ, ಕೆಟ್ಟದ್ದೇನೂ ಆಗಲಿಲ್ಲ. ಸುದ್ದಿ ಓದಿದವರು ನಕ್ಕದ್ದೇ ಹೆಚ್ಚು. ನಗುವ ಮೊದಲು ಒಂದು ಯೋಚನೆ ಮಾಡಬಹುದು. ಬಂದರು ಯಾವುದು, ಖರ್ಚು ಎಷ್ಟು ಎಂದು ಲೆಕ್ಕ ಹಾಕುವಷ್ಟು ಬುದ್ಧಿ ಆ ಮಕ್ಕಳಿಗಿತ್ತು. “ಅಮ್ಮಾ, ಕೊರಿಯಾಕ್ಕೆ ಹೋಗಬೇಕಾದರೆ ಏನು ಮಾಡಬೇಕು?” ಎಂದು ಊಟಕ್ಕೆ ಕುಳಿತಾಗ ಕೇಳುವ ಸಲಿಗೆ ನಮ್ಮ ಮನೆಗಳಲ್ಲಿದೆಯೆ? ಕೇಳಿದರೆ, “ಮೊದಲು ಪಾಸ್‌ಪೋರ್ಟ್ ಬೇಕು ಕಣಮ್ಮ, ಆಮೇಲೆ ವೀಸಾ, ಅದಕ್ಕಿಂತ ಮೊದಲು ಹತ್ತನೇ ಕ್ಲಾಸು” ಎಂದು ನೇರವಾಗಿ ಉತ್ತರ ಸಿಗುತ್ತದೆಯೆ, ಇಲ್ಲ ಫೋನ್ ಕಸಿಯಲಾಗುತ್ತದೆಯೆ? ಕಸಿದ ಮನೆಯಲ್ಲಿ ಪ್ರಶ್ನೆ ಸಾಯುವುದಿಲ್ಲ, ಹಾಸಿಗೆಯ ಕೆಳಗೆ ಸೇರುತ್ತದೆ.

ಈಗ ಕನ್ನಡದ ಮಾತು. ಹುಡುಗಿ ಕೊರಿಯನ್ ಅಕ್ಷರಗಳನ್ನು ಕೆಲವೇ ವಾರಗಳಲ್ಲಿ ಕಲಿತದ್ದು ಅಲ್ಲಿ ಓದಲೇಬೇಕಾದದ್ದು ಏನೋ ಇದೆ ಎಂದು. ಬಿಟಿಎಸ್ ತಂಡದ 2016ರ ‘ವಿಂಗ್ಸ್’ ಎಂಬ ಹಾಡುಗಳ ಸಂಗ್ರಹದ ಹಿಂದೆ ಹರ್ಮನ್ ಹೆಸ್ಸೆಯ ‘ಡೆಮಿಯಾನ್’ ಕಾದಂಬರಿಯಿದೆ ಎಂದು ತಿಳಿದು, ಆ ಪುಸ್ತಕವನ್ನು ಹುಡುಕಿ ಓದಿದ ಹುಡುಗಿಯರು ದೇಶದೇಶಗಳಲ್ಲಿದ್ದಾರೆ. ಕನ್ನಡದಲ್ಲಿ ನಾವು ಅವಳ ಕೈಗೆ ಕೊಡುವುದೇನು? ಪ್ರಾರ್ಥನಾ ಪುಸ್ತಕ, ಹಬ್ಬದ ಪ್ರಕಟಣೆ, ಮದುವೆಯ ಕರೆಯೋಲೆ. ಒಳ್ಳೆಯವೇ ಎಲ್ಲ. ಹದಿನಾಲ್ಕು ವರ್ಷದ ಮನಸ್ಸು ಹಸಿದು ಓದುವಂಥವು ಅವುಗಳಲ್ಲಿ ಎಷ್ಟಿವೆ? ಕೊರಿಯನ್ ಬಂದದ್ದರಿಂದ ಕನ್ನಡ ಹೋಗಲಿಲ್ಲ. ಕನ್ನಡದ ಜಾಗ ಮೊದಲೇ ಖಾಲಿಯಿತ್ತು.

ಹಾಡಿನ ಅರ್ಥವನ್ನು ಗೆಳತಿಯರಿಗೆ ಬಿಡಿಸಿ ಹೇಳುವ ಹುಡುಗಿ ಆಗಲೇ ಅನುವಾದಕಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಫೋನಿನಲ್ಲಿ ಕೊರಿಯನ್: ಮೂರು ಭಾಷೆಗಳ ನಡುವೆ ಓಡಾಡುವ ಇಂಥವಳಿಗೆ ಭಾನುವಾರದ ಮೊದಲನೇ ವಾಚನವನ್ನು ಒಂದು ವಾರ ಮೊದಲೇ ಕೊಟ್ಟು, ತಡವರಿಸಿದರೂ ಓದಲು ಬಿಡಬಹುದು. ಅಜ್ಜಿ ಹಾಡುವ ಹಳೆಯ ಕನ್ನಡ ಕೀರ್ತನೆಯನ್ನು ಬರೆದುಕೊಂಡು ಬಾ ಎನ್ನಬಹುದು. ಪ್ರತಿಯಾಗಿ ಅವಳ ಹಾಡೊಂದನ್ನು ನಾವು ಕುಳಿತು ಪೂರ್ತಿ ಕೇಳಬೇಕು, ಮಧ್ಯೆ ಎದ್ದು ಹೋಗಬಾರದು.

ವಿಶ್ವ ಯುವಜನ ದಿನಾಚರಣೆ 2027ರ ಆಗಸ್ಟ್ 3ರಿಂದ 8ರವರೆಗೆ ಸೋಲ್ ನಗರದಲ್ಲೇ ನಡೆಯಲಿದೆ. ನಮ್ಮ ಧರ್ಮಕೇಂದ್ರದಿಂದ ಯಾರಾದರೂ ಹೊರಡುವುದಾದರೆ, ಅಲ್ಲಿ ಬಸ್ಸಿನ ಬೋರ್ಡು ಓದಿ ಹೇಳಬಲ್ಲವರು ಸದ್ಯಕ್ಕೆ ಎಂಟನೇ, ಒಂಬತ್ತನೇ ತರಗತಿಯ ಈ ಹುಡುಗಿಯರು ಮಾತ್ರ.