ಏನನ್ನು ಬಿಟ್ಟು ಹೊರಡಬೇಕು?

ಊರೂರು ಸುತ್ತಿ ನುಡಿಸುವವರು ಕೀಬೋರ್ಡ್ ಕೊಳ್ಳಲು ಅಂಗಡಿಗೆ ಹೋದಾಗ ವಿಚಾರಿಸುವುದು ಅದರಲ್ಲಿ ಏನೇನಿದೆ ಎಂದು. ಟೋನ್ ಎಷ್ಟು, ರಿದಮ್ ಎಷ್ಟು, ತಬಲಾ ಬರುತ್ತದೆಯೇ, ತಂಬೂರಿ ಬರುತ್ತದೆಯೇ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಭಾವಗೀತೆ, ವಚನ, ದಾಸರ ಪದ ಹಾಡುವವರ ಜೊತೆ ಬಹಳ ವರ್ಷ ಕೀಬೋರ್ಡ್ ಹೊತ್ತು ತಿರುಗಿದ ಮೇಲೆ ನನಗೆ ಬೇರೊಂದು ಪ್ರಶ್ನೆ ಮುಖ್ಯವೆನಿಸಿದೆ. ಈ ವಾದ್ಯವನ್ನು ಹಗುರ ಮಾಡಲು ಏನನ್ನು ತೆಗೆದಿದ್ದಾರೆ? ಅದಿಲ್ಲದೆ ನನ್ನ ಸಂಗೀತ ಉಳಿಯುತ್ತದೆಯೇ?

ಪ್ರಶ್ನೆ ಹುಟ್ಟುವುದೇ ಕೈಯ ಅಳತೆಯಿಂದ. ರೇಡಿಯೊ ಚಿಕ್ಕದಾಯಿತು, ಫೋನು ಚಿಕ್ಕದಾಯಿತು, ಕೀಬೋರ್ಡಿನ ಒಳಗಿನ ವಿದ್ಯುತ್ ಭಾಗಗಳೂ ಅಂಗೈಯಷ್ಟಾದವು. ಬೆರಳು ಮಾತ್ರ ಮೊದಲಿನಷ್ಟೇ ಇದೆ. ಪೂರ್ಣ ಅಳತೆಯ ಒಂದು ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರ್. 61 ಕೀಗಳ ವಾದ್ಯದಲ್ಲಿ ಬಿಳಿ ಕೀಗಳು 36. ಅವುಗಳ ಸಾಲೇ 84 ಸೆಂಟಿಮೀಟರ್ ದಾಟುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ 7 ಕಿಲೊ ತೂಕ, 55 ಸೆಂಟಿಮೀಟರ್ ಉದ್ದ. ಕ್ಯಾಸಿಯೊ 2019ರಲ್ಲಿ ತಂದ ಸಿಟಿ-ಎಸ್200 ಮಾದರಿಗೆ ಕೈಹಿಡಿಕೆ ಇದೆ, ತೂಕ ಬರೀ 3.3 ಕಿಲೊ. ಆದರೂ ಉದ್ದದ ಲೆಕ್ಕದಲ್ಲಿ ಅದು ಸೋಲುತ್ತದೆ. ಇನ್ನೂ ಕಿರಿದು ಮಾಡಬೇಕೆಂದರೆ ಕೀಗಳ ಸಂಖ್ಯೆ ಇಳಿಸಬೇಕು, ಇಲ್ಲವೇ ಅಗಲ ಇಳಿಸಬೇಕು. ಯಮಹಾದ ರಿಫೇಸ್ ಸರಣಿ 2015ರಲ್ಲಿ ಎರಡನ್ನೂ ಮಾಡಿತು: 37 ಸಣ್ಣ ಕೀಗಳು, 2 ಕಿಲೊಗೂ ಕಡಿಮೆ ತೂಕ. ವಾದ್ಯ ಚೀಲದೊಳಗೆ ಹಿಡಿಯಿತು. ನೋಡದೆಯೇ ಷಡ್ಜದಿಂದ ಪಂಚಮಕ್ಕೆ ಹಾರುವ ಬೆರಳು ಮಾತ್ರ ಹೊಸ ದೂರವನ್ನು ಮತ್ತೆ ಕಲಿಯಬೇಕಾಯಿತು.

ಇದು ನಮ್ಮ ಕಾಲದ ತೊಡಕಷ್ಟೇ ಅಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಫ್ರಾಂಚೆಸ್ಕೊ ಲಾಂಡಿನಿ ಎಂಬ ಕುರುಡ ವಾಗ್ಗೇಯಕಾರನಿದ್ದ. 1397ರಲ್ಲಿ ತೀರಿಕೊಂಡ ಅವನ ಸಮಾಧಿಶಿಲೆ ಅಲ್ಲಿನ ಸ್ಯಾನ್ ಲೊರೆಂಜೊ ಚರ್ಚಿನಲ್ಲಿದೆ. ಅವನು ಪೋರ್ಟೇಟಿವ್ ಆರ್ಗನ್ ಎಂಬ ಪುಟ್ಟ ವಾದ್ಯ ಹಿಡಿದಿರುವುದನ್ನು ಅದರಲ್ಲಿ ಕೆತ್ತಿದ್ದಾರೆ. ಚರ್ಚಿನ ಗೋಡೆ ತುಂಬುವ ದೊಡ್ಡ ಆರ್ಗನ್ನನ್ನು ತೊಡೆಯ ಮೇಲೆ ಕೂರುವಷ್ಟು ಮಾಡಿದ ಬಗೆ ಹೀಗಿತ್ತು: ಒಂದು ಕೈ ಕೀಗಳ ಮೇಲೆ, ಇನ್ನೊಂದು ಕೈ ತಿದಿಯ ಮೇಲೆ. ಎರಡೂ ಕೈಯಿಂದ ನುಡಿಸುವ ಸೌಕರ್ಯವನ್ನು ಅವರು ಬಿಟ್ಟುಕೊಟ್ಟರು. ಮುಂದೆ 1763ರಲ್ಲಿ ಸಂಗೀತಗಾರ ಬಾಲಕ ಮೊಟ್ಸಾರ್ಟನ ಕುಟುಂಬ ಯುರೋಪು ಸುತ್ತಲು ಹೊರಟಾಗ ಅವನ ತಂದೆ ಆಗ್ಸ್‌ಬರ್ಗ್‌ನಲ್ಲಿ ಯೊಹಾನ್ ಆಂಡ್ರಿಯಾಸ್ ಸ್ಟೈನ್ ಎಂಬ ಕುಶಲಕರ್ಮಿಯಿಂದ ಒಂದು ಪ್ರಯಾಣದ ಕ್ಲಾವಿಕಾರ್ಡ್ ಕೊಂಡರು. ಅದು ಈಗ ಬುಡಾಪೆಸ್ಟಿನ ಹಂಗೇರಿ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕ್ಲಾವಿಕಾರ್ಡಿನ ದನಿ ಪಕ್ಕದ ಕೋಣೆಗೂ ಸರಿಯಾಗಿ ಮುಟ್ಟದು. ಸಭೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ದಾರಿಯಲ್ಲಿ ಅಭ್ಯಾಸ ಮಾಡಲು ಧಾರಾಳವಾಯಿತು. ಅವರು ಬಿಟ್ಟದ್ದು ದನಿಯ ಗಟ್ಟಿತನ, ಉಳಿಸಿಕೊಂಡದ್ದು ಬೆರಳಿನ ಸೂಕ್ಷ್ಮ.

ನಮ್ಮಲ್ಲಿಗೆ ಬಂದರೆ ಈ ಆಯ್ಕೆಯ ದೊಡ್ಡ ಉದಾಹರಣೆ ಹಾರ್ಮೋನಿಯಂ. ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡ್ರ್ ದೆಬೆಯ್ನ್ 1840ರ ದಶಕದಲ್ಲಿ ರೂಪಿಸಿದ ವಾದ್ಯ ಕಾಲಿನಿಂದ ಗಾಳಿ ತುಂಬುವ, ಮೇಜಿನಂಥ ಪೀಠೋಪಕರಣ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಆ ಶತಮಾನದ ಕೊನೆಯ ಭಾಗದಲ್ಲಿ ಅದರ ಕಾಲು ತೆಗೆದು, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ಲಾಂಡಿನಿಯ ಕಾಲದ ಉಪಾಯವೇ ಇಲ್ಲಿಯೂ ಫಲಿಸಿತು; ಎಡಗೈ ತಿದಿಗೆ ಹೋಯಿತು. ಎರಡು ಕೈಗಳಿಂದ ಸ್ವರಮೇಳ ಕಟ್ಟುವ ಯುರೋಪಿನ ಸಂಗೀತಕ್ಕೆ ಇದು ದೊಡ್ಡ ನಷ್ಟ. ಒಂದೇ ಎಳೆಯಲ್ಲಿ ರಾಗ ಬೆಳೆಸುವ ನಮ್ಮ ಸಂಗೀತಕ್ಕೆ ಬಲಗೈ ಸಾಕಾಗಿತ್ತು. ಯಾವುದಿಲ್ಲದೆ ಈ ಸಂಗೀತ ನಡೆಯುತ್ತದೆ ಎಂದು ಬಲ್ಲವರು ಮಾಡಿದ ಬದಲಾವಣೆ ಅದು. ಅದಕ್ಕೇ ಭಜನೆ ಮನೆಯಿಂದ ಹರಿಕಥೆಯವರೆಗೆ, ಕಛೇರಿಯಿಂದ ಶಾಲೆಯ ಪ್ರಾರ್ಥನೆಯವರೆಗೆ ಆ ಪೆಟ್ಟಿಗೆ ಸಲೀಸಾಗಿ ಓಡಾಡಿತು.

ಕನ್ನಡದ ಕಂಪನಿ ನಾಟಕಗಳು ಮಾತ್ರ ಕಾಲು ಹಾರ್ಮೋನಿಯಂ ಉಳಿಸಿಕೊಂಡವು. ಅದಕ್ಕೂ ಕಾರಣವಿದೆ. ಕಂಪನಿ ಒಂದು ಊರಿನಲ್ಲಿ ಮೊಕ್ಕಾಂ ಹೂಡಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ. ಪರದೆ, ಸೀನು, ಟೆಂಟು ಹೊರುವ ಗಾಡಿಗೆ ಇನ್ನೊಂದು ಭಾರ ಹೆಚ್ಚಲ್ಲ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಹಾಡು ಮುಟ್ಟಬೇಕಿತ್ತು, ನಟ ಹಾಡುವಾಗ ಎರಡು ಕೈಗಳ ಒತ್ತಾಸೆ ಬೇಕಿತ್ತು. ಆರ್. ಪರಮಶಿವನ್ ಅವರಂಥವರು ಹಾರ್ಮೋನಿಯಂ ಮುಂದೆ ಕೂತು ರಂಗಗೀತೆಗಳನ್ನು ಮುಂದಿನ ಪೀಳಿಗೆಗೆ ದಾಟಿಸಿದ್ದು ಈ ಪರಂಪರೆಯಿಂದಲೇ. ಪ್ರಯಾಣದ ಬಗೆ ಬೇರೆಯಾದರೆ ಬಿಡಬಹುದಾದದ್ದೂ ಬೇರೆಯಾಗುತ್ತದೆ.

ಬಿಟ್ಟದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹಾರ್ಮೋನಿಯಂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು, ಗಮಕ ಅದರ ರೀಡಿಗೆ ದಕ್ಕದು, ಸಮಾನ ಅಂತರದ ಅದರ ಶ್ರುತಿ ರಾಗದ ನವಿರಿಗೆ ಒಗ್ಗದು ಎಂಬ ಆಕ್ಷೇಪ ಬಲವಾಗಿತ್ತು. ರವೀಂದ್ರನಾಥ ಟ್ಯಾಗೋರರೂ ಈ ವಾದ್ಯವನ್ನು ಒಪ್ಪುತ್ತಿರಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿತು. ಆ ನಿಷೇಧ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. ಅಷ್ಟೂ ಕಾಲ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ವಾದಕರು ಸುಮ್ಮನೆ ಕೂರಲಿಲ್ಲ. ಜಾರಲಾರದ ಸ್ವರಗಳ ನಡುವೆ ಬೆರಳಿನ ವೇಗದಿಂದ, ತಿದಿಯ ಹದದಿಂದ, ಕಣಸ್ವರ ಸೋಕಿಸುವ ಜಾಣ್ಮೆಯಿಂದ ಹಾಡುಗಾರಿಕೆಯ ಭ್ರಮೆ ಹುಟ್ಟಿಸಿದರು. ಪೆಟ್ಟಿಗೆ ಕೊಡದೇ ಹೋದದ್ದನ್ನು ತಮ್ಮ ಕೈಯಿಂದ ಕೊಟ್ಟರು.

ಕೀಬೋರ್ಡಿನಲ್ಲಿ ಈ ಕೊಡುಕೊಳ್ಳುವಿಕೆ ತಿರುವುಮುರುವಾಯಿತು. ವೇದಿಕೆ ಹತ್ತಿ ಸ್ಟ್ಯಾಂಡ್ ಬಿಡಿಸಿ, ಅಡಾಪ್ಟರ್ ಸಿಕ್ಕಿಸಿ, ಗಾಯಕರತ್ತ ನೋಡುತ್ತೇನೆ. ಅವರು ‘ಕಪ್ಪು ಎರಡು’ ಎನ್ನುತ್ತಾರೆ, ಅಂದರೆ ಎರಡನೆಯ ಕಪ್ಪು ಕೀಯೇ ಅವರ ಷಡ್ಜ. ಟ್ರಾನ್ಸ್‌ಪೋಸ್ ಗುಂಡಿಯನ್ನು ಮೂರು ಸಲ ಒತ್ತುತ್ತೇನೆ. ಬೆರಳು ಮೊದಲ ಬಿಳಿ ಕೀಯಿಂದಲೇ ನುಡಿಸುತ್ತದೆ, ಸ್ವರ ಅವರ ಷಡ್ಜದಲ್ಲಿ ಕೇಳುತ್ತದೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಇದೇ ಕೆಲಸಕ್ಕೆ ಕೀಗಳ ಸಾಲನ್ನೇ ರೀಡುಗಳ ಮೇಲೆ ಪಕ್ಕಕ್ಕೆ ಸರಿಸಬೇಕು. ಆ ವ್ಯವಸ್ಥೆಗಾಗಿ ಪೆಟ್ಟಿಗೆಯ ಭಾರವೂ ಏರುತ್ತದೆ. ತಿದಿ ಹೋದದ್ದರಿಂದ ಎಡಗೈ ಬಿಡುಗಡೆಯಾಯಿತು. ಅದರ ಬೆರಳಿಗೆ ಪಿಚ್ ಬೆಂಡ್ ಚಕ್ರ ಸಿಕ್ಕಿತು. ಹಾರ್ಮೋನಿಯಂ ಮೇಲೆ ಇದ್ದ ಹಳೆಯ ಆಕ್ಷೇಪಕ್ಕೆ ಆ ಪುಟ್ಟ ಚಕ್ರ ಉತ್ತರ ಕೊಟ್ಟಿತು. ಕೊಳಲಿನ ಟೋನಿನಲ್ಲಿ ಗಾಂಧಾರದಿಂದ ಮಧ್ಯಮಕ್ಕೆ ಜಾರುವುದು ಈಗ ಸಾಧ್ಯ.

ಹೋದದ್ದು ಉಸಿರು. ಹಾರ್ಮೋನಿಯಂನಲ್ಲಿ ಸ್ವರ ಹುಟ್ಟಿದ ಮೇಲೂ ತಿದಿ ಒತ್ತಿ ಅದನ್ನು ಬೆಳೆಸಬಹುದು, ಸಡಿಲಿಸಿ ಇಳಿಸಬಹುದು. ಸ್ಪರ್ಶಕ್ಕೆ ಸ್ಪಂದಿಸುವ ಕೀಬೋರ್ಡಿನ ಪ್ರತಿ ಕೀಯ ಕೆಳಗೆ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಒಂದು ಮೊದಲು ಮುಚ್ಚುತ್ತದೆ, ಇನ್ನೊಂದು ಕ್ಷಣಾಂಶದ ನಂತರ. ಆ ನಡುವಿನ ಸಮಯದಿಂದ ಒತ್ತಿದ ವೇಗವನ್ನು ಯಂತ್ರ ಲೆಕ್ಕ ಹಾಕುತ್ತದೆ. ಸ್ವರದ ಗಟ್ಟಿತನ ಅಲ್ಲಿಗೆ ತೀರ್ಮಾನವಾಯಿತು. ಆಮೇಲೆ ಬೆರಳನ್ನು ಎಷ್ಟು ಅದುಮಿದರೂ ಅಗ್ಗದ ಮಾದರಿಗಳಲ್ಲಿ ಏನೂ ಬದಲಾಗದು.

ಇದು ನನಗೆ ಮನದಟ್ಟಾದದ್ದು ಧಾರವಾಡದ ಕಡೆಯ ಒಬ್ಬ ಹಿರಿಯ ಹಾರ್ಮೋನಿಯಂ ಮಾಸ್ತರರ ಮಾತಿನಿಂದ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಕರೆದು ಹೇಳಿದರು: “ತಮ್ಮಾ, ಹಾಡೋರು ಉಸಿರು ತಗೊಂಡಾಗ ನಿನ್ನ ಪೆಟ್ಟಿಗಿ ಉಸಿರು ತಗೊಳ್ಳಂಗಿಲ್ಲ. ನೀನ ಬೆರಳು ಎತ್ತಬೇಕು.” ಅಂದಿನಿಂದ ನಾನು ಗಾಯಕರ ಭುಜ ನೋಡುತ್ತಾ ನುಡಿಸುತ್ತೇನೆ. ಭುಜ ಏರಿದರೆ ಉಸಿರು ಬಂತೆಂದು ಅರ್ಥ; ಅಲ್ಲಿ ನಾನೂ ಬಿಡುತ್ತೇನೆ. ಚೀಲಕ್ಕೆ ಒಂದು ವಾಲ್ಯೂಮ್ ಪೆಡಲ್ ಸೇರಿಸಿದೆ. ತಿದಿಯ ಕೆಲಸವನ್ನು ಬಲಗಾಲಿಗೆ ಒಪ್ಪಿಸಿದ್ದೇನೆ. ಭಾರ ತುಸು ಹೆಚ್ಚಿತು. ಆದರೆ ದಾಸರ ಪದದ ಕೊನೆಯ ಷಡ್ಜ ಗಾಯಕರ ದನಿಯ ಜೊತೆಗೇ ಕ್ಷೀಣಿಸಬೇಕು. ಅದನ್ನು ಬಿಟ್ಟು ಹೊರಡಲು ನನಗೆ ಸಾಧ್ಯವಿಲ್ಲ. ನೂರಾರು ಟೋನುಗಳನ್ನು ಬಿಡಬಲ್ಲೆ, ತಾನೇ ಬಾರಿಸಿಕೊಳ್ಳುವ ರಿದಮ್ ಬಿಡಬಲ್ಲೆ, ಮೇಲಿನ ಒಂದು ಸಪ್ತಕವನ್ನೂ ಬಿಡಬಲ್ಲೆ.

ಜಾಜ್ ನುಡಿಸುವವರ ಲೆಕ್ಕ ಬೇರೆ. ಅವರಿಗೆ ಎರಡು ಕೈ ಅಗಲವಾಗಿ ಚಾಚಲು ಜಾಗ ಬೇಕು, ಕೀಯ ತೂಕ ಬೇಕು. 88 ಭಾರದ ಕೀಗಳ, ಹತ್ತು ಕಿಲೊ ಮೀರುವ ವಾದ್ಯವನ್ನು ಅವರು ಹೊರುವುದು ನ್ಯಾಯವೇ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ಟೋನುಗಳ ದಂಡೇ ಬೇಕು. ಎಲ್ಲರಿಗೂ ಹೊಂದುವ ಒಂದು ಪ್ರಯಾಣದ ಕೀಬೋರ್ಡ್ ಇಲ್ಲ, ಇರಲೂ ಸಾಧ್ಯವಿಲ್ಲ. ಯಾವ ಹಗುರ ವಾದ್ಯವೂ ಭಾರವನ್ನು ಇಲ್ಲವಾಗಿಸುವುದಿಲ್ಲ. ಅದು ತನ್ನ ಭಾರದ ಒಂದು ಪಾಲನ್ನು ವಾದಕನ ಮೈಗೆ, ಕಿವಿಗೆ, ಅಭ್ಯಾಸಕ್ಕೆ ದಾಟಿಸುತ್ತದೆ. ಆ ಪಾಲು ಯಾವುದೆಂದು ತಿಳಿದು ಹೊತ್ತವನ ಕೈಯಲ್ಲಿ ಸಾಧಾರಣ ವಾದ್ಯವೂ ಹಾಡುತ್ತದೆ. ತಿಳಿಯದವನ ಕೈಯಲ್ಲಿ ದುಬಾರಿಯದೂ ಬರೀ ಸದ್ದು ಮಾಡುತ್ತದೆ.

ಮೊದಲ ಕೀಬೋರ್ಡ್ ಕೊಳ್ಳಲು ಹೊರಟ ಎಳೆಯರಲ್ಲಿ ನನ್ನದೊಂದು ವಿನಂತಿ. ಅಂಗಡಿಗೆ ಹೋಗುವಾಗ ಹಾಡುವ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಡೆಮೊ ಗುಂಡಿ ಒತ್ತುವ ಮೊದಲು ಅವರಿಂದ ಒಂದು ದೀರ್ಘ ಷಡ್ಜ ಹಾಡಿಸಿ, ಜೊತೆಗೆ ನೀವೂ ಅದೇ ಸ್ವರ ಹಿಡಿಯಿರಿ. ಎಲ್ಲಿ ವಾದ್ಯ ಅವರನ್ನು ಬಿಟ್ಟುಬಿಡುತ್ತದೆ ಎಂದು ಗಮನವಿಟ್ಟು ಕೇಳಿ. ಆ ಕೊರತೆಯನ್ನು ನಿಮ್ಮ ಅಭ್ಯಾಸ ತುಂಬಬಲ್ಲುದು ಎನ್ನಿಸಿದರೆ ಮಾತ್ರ ಹಣ ಕೊಡಿ.