ಒಂಟಿ ಸವಾರಿ ಮತ್ತು ನಮ್ಮ ಸುಖದ ಪ್ರಶ್ನೆ

ಸುಖದ ಬಗ್ಗೆ ಬರೆಯಲು ನಮಗೆ ಇನ್ನೂ ನಾಚಿಕೆ ಇದೆ. ಹಸಿವು, ಜೀತ, ಅವಮಾನ, ಬೆಂಕಿ ಬಿದ್ದ ಗುಡಿಸಲು ಅಂದರೆ ಪೆನ್ನು ತಾನಾಗಿ ಓಡುತ್ತದೆ. ಬೆಳಗಿನ ಜಾವ ಒಬ್ಬರೇ ಮೋಟಾರ್ ಸೈಕಲ್ ಹತ್ತಿ ಹೋದರೆ ಜೀವಕ್ಕೆ ಹಿತ ಅಂತ ಬರೆಯಹೊರಟರೆ ಮಾತ್ರ ಕೈ ತಡೆಯುತ್ತದೆ. 'ಏನ್ರಯ್ಯಾ, ಕೇರಿಯೋರು ಸತ್ತರೆ ಹೂಳೋಕೆ ಜಾಗ ಇಲ್ಲ, ನಿಮಗೆ ಗಾಳಿ ಸವಾರಿ ಬೇಕಾ?' ಅಂತ ಸಂಘಟನೆಯ ಗೆಳೆಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲೆಂದೇ ಈ ಬರಹ.

ಮೊದಲು ಆ ಸುಖ ಎಂಥದು ಅಂತ ಹೇಳಿಬಿಡೋಣ. ಚಾಮರಾಜನಗರದಿಂದ ಸಂತೆಮರಹಳ್ಳಿ, ಯಳಂದೂರು ಹಾದು ಕೊಳ್ಳೇಗಾಲಕ್ಕೆ ಸುಮಾರು 40 ಕಿಲೋಮೀಟರ್. ನಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ, ನೂರು ಸಿಸಿ. ಹೊತ್ತು ಮೂಡುವ ಮುಂಚೆ ಕಿಕ್ ಹೊಡೆದು ಹೊರಟರೆ ಬಲಗಡೆ ಬಿಳಿಗಿರಿ ಬೆಟ್ಟದ ಸಾಲು ಮಂಜಿನೊಳಗೆ ಕರ್ರಗೆ ಮಲಗಿರುತ್ತದೆ. ಅರಿಶಿನದ ಹೊಲದ ಹಸಿ ವಾಸನೆ ಬರುತ್ತದೆ, ಆಲೆಮನೆ ಹತ್ತಿರ ಬಂದರೆ ಬೆಲ್ಲದ ವಾಸನೆ. ತಗ್ಗಿಗೆ ಇಳಿದರೆ ಗಾಳಿ ತಣ್ಣಗೆ, ದಿಣ್ಣೆ ಹತ್ತಿದರೆ ಬೆಚ್ಚಗೆ. ಬಸ್ಸಿನೊಳಗೆ ಕೂತವರಿಗೆ ಈ ವ್ಯತ್ಯಾಸ ಸಿಗುವುದಿಲ್ಲ. ಏರು ಬಂದಾಗ ಇಂಜಿನ್ನಿನ ಸದ್ದು ಭಾರವಾಗುತ್ತದೆ, ಕಾಲು ತಾನಾಗಿ ಗೇರು ಇಳಿಸುತ್ತದೆ. ತಿರುವಿನಲ್ಲಿ ಮೈ ತಾನಾಗಿ ವಾಲುತ್ತದೆ. ಕೈ, ಕಾಲು, ಕಣ್ಣು, ಕಿವಿ ಎಲ್ಲ ಕೆಲಸದಲ್ಲಿ ತೊಡಗಿರುವಾಗ ತಲೆಯೊಳಗಿನ ಗದ್ದಲ ಇಳಿಯುತ್ತದೆ. ಹಿಂದೆ ಕೂತು ಮಾತಾಡುವವರಿಲ್ಲ, ಎದುರು ಕೂತು ವಿಚಾರಿಸುವವರಿಲ್ಲ. ಎಷ್ಟೋ ದಿನದಿಂದ ಸಿಕ್ಕದ ಪದ್ಯದ ಸಾಲೊಂದು ಇಂಥ ಹೊತ್ತಿನಲ್ಲೇ ಬಂದು ಕೂರುತ್ತದೆ.

ಇದರಲ್ಲೇನು ವಿಶೇಷ ಅಂತ ಮೇಲುಕೇರಿಯವರು ಕೇಳಬಹುದು. ವಿಶೇಷ ಇರುವುದು ನಮ್ಮ ಮೈಯ ಚರಿತ್ರೆಯಲ್ಲಿ. ನಮ್ಮ ತಾತಂದಿರ ಮೈಗೂ ಇಷ್ಟೇ ಕುಶಲತೆ ಇತ್ತು. ನೇಗಿಲ ಹಿಡಿ ಎಷ್ಟು ಒತ್ತಬೇಕು, ತಮಟೆ ಎಷ್ಟು ಕಾಯಿಸಬೇಕು, ಚರ್ಮ ಎಷ್ಟು ಹದ ಮಾಡಬೇಕು ಅನ್ನುವುದು ಅವರ ಕೈಗೆ ಗೊತ್ತಿತ್ತು. ಆದರೆ ಹೊಲ ಬೇರೆಯವರದು, ಹಬ್ಬ ಬೇರೆಯವರದು, ಎಕ್ಕಡ ಬೇರೆಯವರ ಕಾಲಿಗೆ. ಯಾರ ಲಾಭಕ್ಕೂ ಅಲ್ಲದೆ, ಯಾರ ಅಪ್ಪಣೆಗೂ ಅಲ್ಲದೆ ಈ ಮೈ ತನ್ನ ಖುಷಿಗೆ ತಾನು ಕೆಲಸ ಮಾಡುವುದು ನಮ್ಮ ವಂಶದಲ್ಲಿ ಹೊಸದು. ನಮಗೆ ಇದು ಚಿಲ್ಲರೆ ಸಂಗತಿ ಅಲ್ಲ.

ಒಂಟಿತನದ ಮಾತೂ ಹಾಗೆಯೇ. ಒಂಟಿಯಾಗಿ ಇರುವುದು ಬೇರೆ, ಒಂಟಿಯಾಗಿ ಇಡಲ್ಪಡುವುದು ಬೇರೆ. ಎರಡನೆಯದು ನಮಗೆ ಚೆನ್ನಾಗಿ ಗೊತ್ತು. ಊರಾಚೆಯ ಹಟ್ಟಿ, ಹೋಟೆಲಿನ ಬೇರೆ ಲೋಟ, ಶಾಲೆಯ ಮೂಲೆ, ಇವೆಲ್ಲ ಕೊಟ್ಟ ಒಂಟಿತನ. ಇತ್ತ ಹಟ್ಟಿಯೊಳಗೆ ಒಂದೇ ಅಂಕಣದಲ್ಲಿ ಆರೇಳು ಜನ ಮಲಗುವ ಮನೆ. ಅಲ್ಲಿ ಒಬ್ಬರೇ ಕೂತು ಯೋಚಿಸಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಹೊರಗೆ ದೂಡಿದ್ದರಿಂದ ಒಂಟಿ, ಒಳಗೆ ಇಕ್ಕಟ್ಟಿನಿಂದ ಏಕಾಂತವಿಲ್ಲ. ನಾವಾಗಿ ಆರಿಸಿಕೊಂಡ ಏಕಾಂತ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ?

ಬಾಬಾಸಾಹೇಬರ ಬಾಲ್ಯದ ಒಂದು ಪ್ರಯಾಣ ಇಲ್ಲಿ ನೆನಪಾಗಬೇಕು. 1901ರಲ್ಲಿ ಅವರು, ಅವರ ಅಣ್ಣ ಮತ್ತು ಇನ್ನಿಬ್ಬರು ಮಕ್ಕಳು ತಂದೆಯನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದ. 1929ರಲ್ಲಿ ಅವರು ಬ್ಯಾರಿಸ್ಟರ್ ಆಗಿ, ಸರ್ಕಾರಿ ಸಮಿತಿಯ ಸದಸ್ಯರಾಗಿ ಚಾಳೀಸಗಾಂವ್‌ಗೆ ಹೋದಾಗಲೂ ಟಾಂಗಾದವರು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಓಡಿಸಿ ಗೊತ್ತಿಲ್ಲದ ಕೇರಿಯವರೊಬ್ಬರು ಲಗಾಮು ಹಿಡಿದರು. ಟಾಂಗಾ ಉರುಳಿತು, ಬಾಬಾಸಾಹೇಬರ ಕಾಲು ಮುರಿಯಿತು. ಅವತ್ತೂ ನಮ್ಮವರು ತಮ್ಮ ಗಾಡಿಯನ್ನು ತಾವೇ ಓಡಿಸಿದರು. ಆದರೆ ಅದು ಬೇರೆ ದಾರಿ ಇಲ್ಲದೆ ಓಡಿಸಿದ್ದು. ನಾವು ಇವತ್ತು ಮನಸ್ಸು ಬಂದು ಓಡಿಸುತ್ತೇವೆ. ಈ ಎರಡರ ನಡುವೆ ಒಂದು ಚಳವಳಿಯಷ್ಟು ದೂರ ಇದೆ.

ಆ ದೂರವನ್ನು ಪೂರ್ತಿ ದಾಟಿದ್ದೇವೆಯೇ? ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದರು, 2016ರ ಜನವರಿ 26ರಿಂದ ಅದು ಜಾರಿಗೆ ಬಂತು. ಪರಿಶಿಷ್ಟ ಜಾತಿ ಪಂಗಡದವರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲು, ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅದು ಅಪರಾಧ ಅಂತ ಆಗ ಸ್ಪಷ್ಟವಾಗಿ ಸೇರಿಸಿದರು. ಯೋಚನೆ ಮಾಡಿ. ಯಾರೂ ತಡೆಯದಿದ್ದರೆ ಇಂಥ ಕಾನೂನು ಯಾಕೆ ಬೇಕಿತ್ತು? ನಮ್ಮ ಹುಡುಗ ಗಾಡಿ ಮೇಲೆ ನೆಟ್ಟಗೆ ಕೂತು ಊರ ಬೀದಿಯಲ್ಲಿ ಹೋದರೆ ಕೆಲವರ ಹೊಟ್ಟೆ ಇವತ್ತೂ ಉರಿಯುತ್ತದೆ. ಅವರಿಗೆ ಕಾಣುವುದು ನಮ್ಮ ಗಾಡಿ ಅಲ್ಲ, ಬಾಗದ ನಮ್ಮ ಬೆನ್ನು.

ಹಾಗಂತ ನಮ್ಮ ಸುಖಕ್ಕೆ ಪ್ರಶ್ನೆಯೇ ಇಲ್ಲ ಅಂತ ಅಲ್ಲ. ವೇಗ ಜನರನ್ನು ಮರೆಸುತ್ತದೆ. 1952ರಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಚೆಗೆವಾರ, ಗೆಳೆಯ ಆಲ್ಬರ್ಟೊ ಗ್ರನಾಡೊ ಜೊತೆ ಹಳೇ ನಾರ್ಟನ್ ಗಾಡಿಯಲ್ಲಿ ದಕ್ಷಿಣ ಅಮೆರಿಕ ಸುತ್ತುತ್ತಿದ್ದರು. ಚಿಲಿಯಲ್ಲಿ ಗಾಡಿ ಕೈಕೊಟ್ಟಿತು. ಚುಕಿಕಮಾಟ ತಾಮ್ರದ ಗಣಿಯ ಹಾದಿಯಲ್ಲಿ ಬಡ ಕಮ್ಯುನಿಸ್ಟ್ ದಂಪತಿ ಅವರಿಗೆ ಸಿಕ್ಕಿದ್ದು ಗಾಡಿ ಇಲ್ಲದಾದ ಮೇಲೆ. ಇದನ್ನು ನಾವು ಮರೆಯಬಾರದು. ಜಾಹೀರಾತಿನ ಗಂಡು ಬೆಟ್ಟದ ತುದಿಯಲ್ಲಿ ಗಾಡಿ ನಿಲ್ಲಿಸಿ ಒಬ್ಬನೇ ನಗುತ್ತಾನೆ. ಅವನ ರಸ್ತೆಯಲ್ಲಿ ಕೂಲಿಗೆ ನಡೆದು ಹೋಗುವ ಹೆಂಗಸರೇ ಇರುವುದಿಲ್ಲ. ನಮ್ಮ ರಸ್ತೆಯಲ್ಲಿ ಇರುತ್ತಾರೆ. ಅವರು ನಮ್ಮ ಅವ್ವಂದಿರು. 'ಒಬ್ನೆ ಎಲ್ಲಿಗ್ ಮಗ ಹೊಂಟೆ?' ಅಂತ ಕೈ ಅಡ್ಡ ಹಿಡಿದಾಗ ನಿಲ್ಲಿಸದೆ ಹೋದರೆ ಅದು ಏಕಾಂತವಲ್ಲ, ಸೊಕ್ಕು.

ಹಟ್ಟಿಯಲ್ಲಿ ಗಾಡಿ ಯಾರೊಬ್ಬರ ಸ್ವತ್ತಾಗಿಯೂ ಉಳಿಯುವುದಿಲ್ಲ. ಸಾಲದ ಕಂತು ಒಬ್ಬರದು, ಪೆಟ್ರೋಲು ಇನ್ನೊಬ್ಬರದು. ರಾತ್ರಿ ನೋವು ಬಂದ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ ಗಾಡಿ. ಅದಕ್ಕೇ ಒಬ್ಬರೇ ಹೋಗುವ ಮಾತನ್ನೂ 'ನಾವು' ಅಂತಲೇ ಬರೆಯುತ್ತಿದ್ದೇವೆ. ಆದರೆ ಈ 'ನಾವು' ಅನ್ನುವುದರೊಳಗೆ ನಮ್ಮ ತಂಗಿಯರು ಇದ್ದಾರೆಯೇ? ಡಿಗ್ರಿ ಓದುವ ತಂಗಿ ಬೀಗದ ಕೈ ಕೇಳಿದರೆ 'ನಿನಗ್ಯಾಕೆ, ಜನ ಏನಂತಾರೆ' ಅನ್ನುವ ಅಣ್ಣ, ಊರ ಬೀದಿಯಲ್ಲಿ ನಮ್ಮನ್ನು ತಡೆದ ಗೌಡನ ಮಾತನ್ನೇ ಮನೆಯೊಳಗೆ ಆಡುತ್ತಿದ್ದಾನೆ. ಒಬ್ಬರ ಸುಖ ನ್ಯಾಯವೋ ಅನ್ಯಾಯವೋ ಅಂತ ಅಳೆಯಲು ನಮಗೆ ತಿಳಿದ ಅಳತೆ ಇದೊಂದೇ: ಈ ಸುಖ ನಮಗೆ ಸಿಗಬೇಕಾದರೆ ಇನ್ನೊಬ್ಬರು ಕೆಳಗಿಳಿದು ನಡೆಯಬೇಕಾಗುತ್ತದೆಯೇ? ಹೌದಾದರೆ ಅದು ಹಳೇ ದೊರೆಗಳ ಸುಖ. ಇಲ್ಲವಾದರೆ ಅದನ್ನು ಅನುಭವಿಸಲು ನಾಚಿಕೆ ಬೇಡ.

ಚಳವಳಿ ಅಂದರೆ ಸದಾ ಗುಂಪಿನಲ್ಲೇ ಇರುವುದಲ್ಲ. ಬೋಧಿಮರದ ಕೆಳಗೆ ಒಬ್ಬನೇ ಕೂತ ಬುದ್ಧನೇ ಆಮೇಲೆ ಸಂಘ ಕಟ್ಟಿದ. ನಾವು ಭೂಮಿ ಕೇಳಿದ್ದು, ನೀರು ಕೇಳಿದ್ದು, ಶಾಲೆ ಕೇಳಿದ್ದು ಕೊನೆಗೆ ಯಾಕೆ? ನಮ್ಮ ಮಕ್ಕಳು ಹೆದರಿಕೆ ಇಲ್ಲದೆ ತಮಗೆ ಬೇಕಾದ ಕಡೆ ಹೋಗಲಿ, ಬೇಕಾದಾಗ ಬರಲಿ ಅಂತ. ಒಬ್ಬರು ಒಂಟಿಯಾಗಿ ನಿಶ್ಚಿಂತೆಯಿಂದ ಹೋಗಬೇಕಾದರೆ ಅವರ ಹಿಂದೆ ನೂರು ಜನ ಒಟ್ಟಾಗಿ ನಿಂತಿರಬೇಕು. ಇವತ್ತಿನ ಈ ಸುಖವನ್ನು ನಮ್ಮ ಹಿರಿಯರು ಧರಣಿ ಕೂತು, ಲಾಠಿ ಏಟು ತಿಂದು, ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಗಳಿಸಿಕೊಟ್ಟಿದ್ದಾರೆ.

ಆದ್ದರಿಂದ ಗೆಳೆಯರೆ, ಹೋಗೋಣ. ಹೆಲ್ಮೆಟ್ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಒಬ್ಬೊಬ್ಬರೇ ಹೋಗೋಣ. ಕೈ ಅಡ್ಡ ಹಿಡಿದವರಿಗೆ ನಿಲ್ಲಿಸೋಣ. ತಂಗಿ ಕೇಳಿದರೆ ಬೀಗದ ಕೈ ಕೊಡೋಣ. ಯಾವ ಊರಲ್ಲಾದರೂ ನಮ್ಮವರೊಬ್ಬರನ್ನು ಗಾಡಿಯಿಂದ ಇಳಿಸಿದರು ಅಂತ ಸುದ್ದಿ ಬಂದರೆ ಆವತ್ತು ಮಾತ್ರ ಯಾರೂ ಒಬ್ಬರೇ ಹೋಗುವುದು ಬೇಡ, ಎಲ್ಲರೂ ಒಟ್ಟಿಗೆ ಆ ಬೀದಿಗೆ ಹೋಗೋಣ.