ಬಿಗಿಯೂ ಋಜುತ್ವವೂ

ದಾರಿ ತಪ್ಪಿದವನನ್ನು ದಾರಿಗೆ ತರಲು ನಿಯಮವನ್ನು ಬಿಗಿಗೊಳಿಸಬೇಕೆಂಬುದು ಲೋಕದ ಸಾಮಾನ್ಯಾಭಿಪ್ರಾಯ. ತಂದೆಯು ಮಗನ ವಿಷಯದಲ್ಲಿ, ಉಪಾಧ್ಯಾಯನು ವಿದ್ಯಾರ್ಥಿಯ ವಿಷಯದಲ್ಲಿ, ಸಾಧಕನು ತನ್ನ ಮನಸ್ಸಿನ ವಿಷಯದಲ್ಲಿಯೇ ಈ ಉಪಾಯವನ್ನು ಹೂಡುತ್ತಾನೆ. ಆದರೆ ಬಿಗಿಯು ಓರೆಯನ್ನು ತಿದ್ದಬಲ್ಲುದೆ? ಇದಕ್ಕೆ ಗ್ರಂಥಗಳಲ್ಲಿ ಉತ್ತರವನ್ನು ಅರಸುವ ಮೊದಲು ಕಾರ್ಖಾನೆಯ ಫಿಟ್ಟರನ ಕಾಯಕವನ್ನು ನೋಡುವುದು ಲೇಸು.

ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳಲ್ಲಾಗಲಿ, ಸಿಮೆಂಟಿನ ಕಾರ್ಖಾನೆಗಳಲ್ಲಾಗಲಿ ಸರಕನ್ನು ಸಾಗಿಸುವುದಕ್ಕೆ ಕನ್ವೇಯರ್ ಬೆಲ್ಟು ಇರುತ್ತದೆ. ಎರಡು ತುದಿಗಳಲ್ಲಿ ದೊಡ್ಡ ಡ್ರಮ್ಮುಗಳು. ನಡುವೆ ಸಾಲಾಗಿ ರೋಲರುಗಳು. ಅವುಗಳ ಮೇಲೆ ತುದಿಮೊದಲಿಲ್ಲದಂತೆ ಜೋಡಿಸಿದ ರಬ್ಬರಿನ ಪಟ್ಟಿ. ಅದು ಒಂದು ಪಕ್ಕಕ್ಕೆ ಸರಿಯತೊಡಗಿದರೆ ಅಂಚು ಚೌಕಟ್ಟಿಗೆ ಉಜ್ಜಿ ಹರಿಯುತ್ತದೆ, ಸರಕು ಚೆಲ್ಲುತ್ತದೆ. ಹೊಸಬನಾದವನು ಕೂಡಲೇ ತುದಿಯ ಸ್ಕ್ರೂಗಳನ್ನು ತಿರುಗಿಸಿ ಬಿಗಿಮಾಡುತ್ತಾನೆ. ಬೆಲ್ಟು ಕ್ಷಣಕಾಲ ಅಂಕೆಗೆ ಬಂದಂತೆ ತೋರಬಹುದು. ಓರೆಯು ಮಾತ್ರ ಹೋಗುವುದಿಲ್ಲ. ಆ ಅತಿಬಿಗಿಯ ಕಷ್ಟವನ್ನು ಅನುಭವಿಸುವುವು ಬೇರಿಂಗುಗಳು, ಮತ್ತು ಬೆಲ್ಟಿನ ಜೋಡಣೆ. ಒಂದು ದಿನ ಕಿತ್ತುಹೋಗುವುದು ಕೂಡಿಸಿದ ಆ ಎಡೆಯೇ. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ?

ಬಲ್ಲವನು ಮೊದಲು ನಿಂತು ನೋಡುತ್ತಾನೆ. ಬೆಲ್ಟಿನ ಯಾವ ಭಾಗ ಬಂದರೂ ಒಂದೇ ಸ್ಥಳದಲ್ಲಿ ಸರಿಯುತ್ತಿದ್ದರೆ ದೋಷವು ಅಲ್ಲಿಯ, ಅಥವಾ ಅದಕ್ಕೂ ತುಸು ಹಿಂದಿನ, ರೋಲರಿನದು. ಬೆಲ್ಟಿನ ಒಂದೇ ಭಾಗವು ಹೋದೆಡೆಯಲ್ಲೆಲ್ಲ ಸರಿಯುತ್ತಿದ್ದರೆ ದೋಷವು ಬೆಲ್ಟಿನದೇ. ಬಹುಶಃ ಜೋಡಿಸುವಾಗ ತುದಿಗಳನ್ನು ನೇರವಾಗಿ ಕತ್ತರಿಸಿಲ್ಲ. ನಡೆಯುವವನ ತಪ್ಪೋ, ನಡೆಸುವ ದಾರಿಯ ತಪ್ಪೋ ಎಂಬ ವಿವೇಕವು ದಂಡನೆಗೆ ಮುಂಚೆ ಬರತಕ್ಕದ್ದು. ತರಗತಿಯ ಹುಡುಗರೆಲ್ಲರೂ ಒಂದೇ ಪಾಠದಲ್ಲಿ ಎಡವುತ್ತಿದ್ದರೆ ಅಲ್ಲಿ ಬೆತ್ತಕ್ಕೆ ಕೆಲಸವೇನು? ಉಪಾಧ್ಯಾಯರು ಈ ಮಾತನ್ನು ಸುಲಭವಾಗಿ ಒಪ್ಪಲಾರರು.

ತಿದ್ದುವ ಕ್ರಮವೂ ಗಮನಾರ್ಹವಾದುದು. ಬೆಲ್ಟು ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುವುದೋ ಆ ಕಡೆಗೆ ಸರಿಯುತ್ತದೆ. ಆದುದರಿಂದ ಯಂತ್ರವನ್ನು ನಿಲ್ಲಿಸಿ, ಹಿಂದಿನ ರೋಲರನ್ನು ಬಹು ಸ್ವಲ್ಪವೇ ಓರೆಮಾಡಿ, ಮತ್ತೆ ನಡೆಸಿ, ಬೆಲ್ಟು ಹಲವು ಸುತ್ತು ಬರುವವರೆಗೆ ಕಾಯಬೇಕು. ಕಾಯಲಾರದವನು ತನ್ನ ತಿದ್ದುಪಡಿಯನ್ನೇ ತಿದ್ದುತ್ತ ದಿನ ಕಳೆಯುತ್ತಾನೆ. ಬರಿದಾಗಿ ನೇರವಾಗಿ ನಡೆದ ಬೆಲ್ಟು ಹೊರೆ ಹೊತ್ತಾಗಲೂ ಹಾಗೆಯೇ ನಡೆಯುವುದೆಂಬ ಭರವಸೆಯಿಲ್ಲ. ಎರಡು ಸ್ಥಿತಿಗಳಲ್ಲಿಯೂ ಪರೀಕ್ಷಿಸಬೇಕು.

ಹಾಗಾದರೆ ಬಿಗಿಯೇ ಬೇಡವೆ? ಬೇಕು. ಸಡಿಲವಾದ ಬೆಲ್ಟು ರೋಲರುಗಳ ನಡುವೆ ಜೋಲುತ್ತದೆ; ಡ್ರಮ್ಮು ತಿರುಗಿದರೂ ತಾನು ಚಲಿಸದೆ ಜಾರಿ ಬಿಸಿಯೇರುತ್ತದೆ. ತುಂಬಿದ ಹೊರೆಯೊಡನೆ ಹೊರಡುವಾಗ ಜಾರದಷ್ಟು ಬಿಗಿ ಸಾಕು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 18ನೆಯ ಶತಮಾನದ ಗಣಿತಜ್ಞನಾದ ಆಯ್ಲರನ ಸೂತ್ರದಂತೆ, ಡ್ರಮ್ಮಿನ ಮೇಲಣ ಹಿಡಿತವು ಬೆಲ್ಟು ಅದನ್ನು ಎಷ್ಟು ದೂರ ಸುತ್ತಿದೆ ಎಂಬುದನ್ನೂ ಅವಲಂಬಿಸಿದೆ. ಘರ್ಷಣಾಂಕವು 0.3 ಆಗಿ, ಸುತ್ತು 180 ಡಿಗ್ರಿ ಇದ್ದರೆ, ಎಳೆಯುವ ಕಡೆಯ ಸೆಳೆತವು ಸಡಿಲು ಕಡೆಯದರ ಸುಮಾರು 2.6 ಪಟ್ಟು ಆಗುವವರೆಗೆ ಬೆಲ್ಟು ಜಾರದು. ಪಕ್ಕದಲ್ಲಿ ಸಣ್ಣ ಡ್ರಮ್ಮೊಂದನ್ನಿರಿಸಿ ಸುತ್ತನ್ನು 210 ಡಿಗ್ರಿಗೆ ಏರಿಸಿದರೆ ಅದೇ 3 ಪಟ್ಟಾಗುತ್ತದೆ. ಇದು ಬಿಗಿಯನ್ನು ಹೆಚ್ಚಿಸದೆ ಸಾನ್ನಿಧ್ಯವನ್ನು ಹೆಚ್ಚಿಸಿದುದರ ಫಲ.

ಉದ್ದವಾದ ಬೆಲ್ಟುಗಳಿಗೆ ಸ್ಕ್ರೂವಿನ ಬದಲು ತೂಗುಭಾರವನ್ನು ಕಟ್ಟುವುದುಂಟು. ಹೊರೆಯಿಂದ ಬೆಲ್ಟು ಹಿಗ್ಗಿದರೆ ಭಾರವು ಕೆಳಗಿಳಿಯುತ್ತದೆ, ಕುಗ್ಗಿದರೆ ಮೇಲೇರುತ್ತದೆ. ಬಿಗಿ ಮಾತ್ರ ಒಂದೇ ಸಮನಾಗಿರುತ್ತದೆ. ಸ್ಕ್ರೂವಿಗೆ ಈ ಗುಣವಿಲ್ಲ. ತಿರುಗಿಸಿದ ಕೈ ಹೊರಟುಹೋದ ಮೇಲೆಯೂ ಅದು ನಿಲ್ಲಿಸಿದಲ್ಲಿಯೇ ನಿಂತಿರುತ್ತದೆ, ಬೆಲ್ಟಿನ ಪಾಡು ಏನಾದರೂ ಆಗಲಿ.